ಬ್ರೇಕ್ ಕದರಯ್ಯನ ಬೆರಳುಗಳು

ಅಂತರಸನಹಳ್ಳಿಯಲ್ಲಿ ಯಾರನ್ನು ಕೇಳಿದರೂ ಕದರಯ್ಯನ ಶೆಡ್ಡಿಗೆ ದಾರಿ ಹೇಳುತ್ತಿದ್ದರು. ಬೋರ್ಡು ಇರಲಿಲ್ಲ. ತಗಡಿನ ಚಾವಣಿ, ಮುಂದೊಂದು ಹೊಂಗೆ ಮರ, ಮರದ ಸುತ್ತ ಬೋರಲು ಹಾಕಿದ ಹಳೆಯ ಬ್ರೇಕ್ ಡ್ರಮ್ಮುಗಳು. ಲಾರಿ ಡ್ರೈವರುಗಳು ಆ ಡ್ರಮ್ಮುಗಳ ಮೇಲೆಯೇ ಕೂತು ಟೀ ಕುಡಿಯುತ್ತಿದ್ದರು. ಎಂಜಿನ್ ಕೆಲಸವೆಂದು ಯಾರಾದರೂ ಬಂದರೆ ಕದರಯ್ಯ ಪಕ್ಕದ ಶೆಡ್ಡುಗಳ ಕಡೆ ಕೈ ತೋರಿಸುತ್ತಿದ್ದ. "ನಂದು ನಿಲ್ಸೋ ಕೆಲ್ಸ. ಓಡ್ಸೋ ಕೆಲ್ಸಕ್ಕೆ ಅಲ್ಲಿ ಜನ ಅವ್ರೆ, ಹೋಗಿ," ಎನ್ನುತ್ತಿದ್ದ.

ಅವನು ಗುಬ್ಬಿ ಕಡೆಯ ಹಳ್ಳಿಯವನು. ಮೀಸೆ ಮೂಡುವ ವಯಸ್ಸಿನಲ್ಲಿ ತುಮಕೂರಿಗೆ ಬಂದು ಗುಬ್ಬಿ ಗೇಟಿನ ಹತ್ತಿರ ಒಬ್ಬ ಉಸ್ತಾದರ ಕೈಕೆಳಗೆ ಸೇರಿದ. ಉಸ್ತಾದರಿಗೆ ಎಲ್ಲ ಕೆಲಸವೂ ಬರುತ್ತಿತ್ತು. ಕದರಯ್ಯ ಮಾತ್ರ ಬ್ರೇಕನ್ನೇ ಹಿಡಿದು ಕೂತ. ಯಾಕೆ ಎಂದು ಕೇಳಿದರೆ ದೊಡ್ಡ ಕಾರಣವನ್ನೇನೂ ಹೇಳುತ್ತಿರಲಿಲ್ಲ. ಎಂಜಿನ್ ಸದ್ದು ಮಾಡಿ ತನ್ನ ಕಾಯಿಲೆ ತಾನೇ ಹೇಳಿಕೊಳ್ಳುತ್ತದೆ, ಬ್ರೇಕು ಬಾಯಿ ಬಿಡುವುದಿಲ್ಲ, ಅದನ್ನು ಮಾತಾಡಿಸುವುದರಲ್ಲಿ ಒಂದು ಮಜಾ ಇದೆ ಅನ್ನುತ್ತಿದ್ದ, ಅಷ್ಟೇ.

ಮಾತಾಡಿಸುವುದಕ್ಕೆ ಅವನದೇ ಒಂದು ಕ್ರಮವಿತ್ತು. ಗಾಡಿ ಬಂದ ಕೂಡಲೇ ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ಡ್ರೈವರನ್ನು ಮರದ ಕೆಳಗೆ ಕೂರಿಸಿ, "ಮೊದ್ಲು ಕತೆ ಹೇಳು," ಎನ್ನುತ್ತಿದ್ದ. ನಿನ್ನೆ ಎಲ್ಲಿಗೆ ಹೋಗಿದ್ದೆ, ಏನು ಲೋಡು, ಎಲ್ಲಿ ಉಂಡೆ? "ಎಲ್ಲಿ ಉಂಡ್ರೆ ನಿಂಗೇನಣ್ಣ, ನೀನೇನು ಬಿಲ್ ಕೊಡ್ತೀಯಾ?" ಎಂದು ಡ್ರೈವರುಗಳು ನಗುತ್ತಿದ್ದರು. ಆದರೆ ಉಂಡ ಹೋಟೆಲಿನ ಮುಂದೆ ಗಾಡಿ ಕೆಸರಿನಲ್ಲಿ ನಿಂತಿತ್ತು ಎಂಬುದು ಆ ಮಾತಿನಿಂದಲೇ ಹೊರಬೀಳುತ್ತಿತ್ತು, ಡ್ರಮ್ಮಿನೊಳಗೆ ನೀರು ಹೋದದ್ದೂ ಆಗಲೇ ತಿಳಿಯುತ್ತಿತ್ತು. ಕತೆ ಮುಗಿದ ಮೇಲೆ ಚಪ್ಪಲಿ ಬಿಟ್ಟು ಸೀಟಿಗೆ ಹತ್ತಿ ಬರಿಗಾಲಿನಲ್ಲಿ ಪೆಡಲ್ ಒತ್ತುತ್ತಿದ್ದ. ಕಡೆಗೆ ಬೆರಳು. ಚಕ್ರದ ಹಿಂದಿರುವ ಪುಟ್ಟ ವೀಲ್ ಸಿಲಿಂಡರನ್ನು ಬಿಚ್ಚಿ, ಒರೆಸಿ, ಅದರ ಕೊಳವೆಯೊಳಗೆ ಉಂಗುರದ ಬೆರಳು ಇಳಿಸಿ ಕಣ್ಣು ಮುಚ್ಚಿಕೊಂಡು ಮೆಲ್ಲಗೆ ತಿರುಗಿಸುತ್ತಿದ್ದ. ಒಳಗೆ ಕೂದಲಿನಷ್ಟು ಗೀರಿದ್ದರೂ ಅಲ್ಲಿ ಬೆರಳು ನಿಲ್ಲುತ್ತಿತ್ತು. ಆ ಗೀರಿನ ಮೇಲೆ, ಆಯಿಲ್ ತಡೆಯುವ ರಬ್ಬರ್ ಬಿಲ್ಲೆ ಕೂತರೆ ಇಂದಲ್ಲ ನಾಳೆ ಸೋರುತ್ತದೆ. ಉಂಗುರದ ಬೆರಳೇ ಯಾಕೆಂದರೆ, ಮಿಕ್ಕ ಬೆರಳುಗಳು ದುಡಿದು ಚರ್ಮ ದಪ್ಪವಾಗಿರುತ್ತವೆ, ಅದೊಂದು ಸೋಮಾರಿ ಎನ್ನುತ್ತಿದ್ದ.

ಆ ಬೆರಳು ಮರಗಟ್ಟತೊಡಗಿದ್ದನ್ನು ಮೊದಲು ಕಂಡವಳು ಅವನ ಹೆಂಡತಿ ದೊಡ್ಡಗಂಗಮ್ಮ. ಉಪ್ಪಾರಹಳ್ಳಿಯ ಮನೆಯಲ್ಲಿ ಒಂದು ಬೆಳಿಗ್ಗೆ ಒಲೆಯಿಂದ ಇಳಿಸಿದ ಕಾಫಿಯನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಅವನು ಹಾಗೇ ಹಿಡಿದುಕೊಂಡು ಪೇಪರ್ ಓದುತ್ತಾ ಕೂತ.

"ಬಿಸಿ ಇಲ್ವೇನ್ರೀ?"

"ಸರ್ಯಾಗೈತೆ ಬುಡು."

ಅವಳು ಲೋಟ ಮುಟ್ಟಿ ಸರಕ್ಕನೆ ಕೈ ಹಿಂದೆಗೆದುಕೊಂಡಳು. ಗಂಡನ ಅಂಗೈ ಮಗುಚಿ ನೋಡಿದಳು. ಬೆರಳ ತುದಿಗಳು ಕೆಂಪಗೆ ಬೆಂದಿದ್ದವು. ಸಕ್ಕರೆ ಕಾಯಿಲೆ ಹಳೆಯದು, ಅದೀಗ ಕೈಗೆ ಇಳಿದಿದೆ ಎಂದರು ಡಾಕ್ಟರು.

ಕದರಯ್ಯ ಇದನ್ನು ಇನ್ನೊಬ್ಬನಿಗೆ ಮಾತ್ರ ಹೇಳಿದ. ಅನಂತರಾಜು ಅವನ ಹಳೆಯ ಸ್ನೇಹಿತ, ಶೆಡ್ಡಿನ ಎದುರಿಗೇ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನು.

"ಹೆದರ್ಕೋಬೇಡ ಕಣೋ ಕದ್ರಾ, ನಿಂಗೆ ಅಭ್ಯಾಸ್ದಲ್ಲೇ ಬರುತ್ತೆ," ಎಂದ ಅನಂತರಾಜು.

"ಅಭ್ಯಾಸ ಅಲ್ಲ ಕಣ್ಲಾ, ಬ್ರೇಕು. ನನ್ ತಪ್ಪಿಂದ ಒಂದ್ ಗಾಡಿ ವಾಪಸ್ ಬಂತು ಅನ್ನು, ಅವತ್ತೇ ಬಾಗ್ಲು ಹಾಕ್ತೀನಿ. ನೀನೇ ಸಾಕ್ಷಿ."

ಅನಂತರಾಜು ತಮಾಷೆಯೆಂದುಕೊಂಡ. ಕದರಯ್ಯನ ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ.

ಇದಾದ ಸ್ವಲ್ಪ ದಿನಕ್ಕೆ ಅಮೃತೂರಿನ ಸದಾಶಿವಯ್ಯನವರ ಪಿಕಪ್ ಬಂತು.

ಅದು ಅವರ ತಂದೆಯ ಕಾಲದ ಫಾರ್ಗೋ ಗಾಡಿ. ಮುಂದೆ ಉಬ್ಬಿದ ಮೂತಿ, ಗುಂಡನೆಯ ದೀಪ, ಹಿಂದೆ ಮರದ ಹಲಗೆಯ ತೊಟ್ಟಿ. ವರ್ಷಕ್ಕೊಮ್ಮೆ ತೋಟದ ತೆಂಗಿನಕಾಯಿಯನ್ನು ತುಂಬಿಕೊಂಡು ಗುಬ್ಬಿ ಹತ್ತಿರದ ತಮ್ಮ ಮಠಕ್ಕೆ, ದಾಸೋಹಕ್ಕೆಂದು, ತಂದೆ ಅದನ್ನು ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಪಕ್ಕದ ಸೀಟಿನಲ್ಲಿ ಹೆಂಡತಿ ಬಸವಲಿಂಗಮ್ಮ. ತಂದೆ ತೀರಿಕೊಂಡ ಮೇಲೆ ಗಾಡಿ ತೋಟದ ಕೊಟ್ಟಿಗೆಯಲ್ಲಿ ತೆಂಗಿನ ಗರಿಗಳ ಕೆಳಗೆ ನಿಂತುಬಿಟ್ಟಿತ್ತು. ಈಗ ಬಸವಲಿಂಗಮ್ಮನಿಗೆ ಎಂಬತ್ತು ದಾಟಿತ್ತು. "ಆ ಗಾಡೀಲಿ ಒಂದ್ಸಲ ಮಠಕ್ಕೆ ಕಾಯಿ ತಗೊಂಡೋಗ್ಬೇಕು ಕಣಪ್ಪ, ನಾನು ಮುಂದ್ಗಡೆ ಕೂತ್ಕೋಬೇಕು," ಎಂದು ಆಕೆ ಹೇಳಿದ್ದೇ ತಡ, ಮಗ ಗಾಡಿಯನ್ನು ಹೊರಗೆಳೆಸಿದರು. ಎಂಜಿನ್ ಒಂದು ಕಡೆ, ಬಾಡಿ ಇನ್ನೊಂದು ಕಡೆ, ಬಣ್ಣ ಮತ್ತೊಂದು ಕಡೆ ಮಾಡಿಸಿದರು. ಹಳೆಯ ಹಸಿರು ಬಣ್ಣವೇ ಆಗಬೇಕೆಂದು ಹಟ ಹಿಡಿದು ತಂದರು. ಬ್ರೇಕ್ ಮಾತ್ರ ಕದರಯ್ಯನದಾಗಬೇಕು ಎಂದರು.

ಕದರಯ್ಯನಿಗೆ ಆ ಗಾಡಿ ಕಂಡರೆ ಮಗುವಿನಷ್ಟು ಖುಷಿ. ನಾಲ್ಕೂ ಡ್ರಮ್ಮು ಬಿಚ್ಚಿದ. ಡ್ರಮ್ಮನ್ನು ಒತ್ತಿ ಹಿಡಿಯುವ ಹೊಸ ಲೈನರ್ ಪಟ್ಟಿ ಹಾಕಿದ, ಹೊಸ ಪೈಪ್ ಎಳೆದ, ಎಲ್ಲ ರಬ್ಬರ್ ಬದಲಿಸಿದ. ಮಾಸ್ಟರ್ ಸಿಲಿಂಡರ್ ಅಂದರೆ ಪೆಡಲ್ ಒತ್ತಿದಾಗ ನಾಲ್ಕೂ ಚಕ್ರಕ್ಕೆ ಬ್ರೇಕ್ ಆಯಿಲ್ ತಳ್ಳುವ ತಾಯಿ ಸಿಲಿಂಡರು. ಈ ಗಾಡಿಯಲ್ಲಿ ಅದು ಡ್ರೈವರ್ ಕಾಲಿನ ಬಳಿ, ನೆಲದ ಕೆಳಗಿತ್ತು. ಮ್ಯಾಟ್ ಸರಿಸಿ ಒಂದು ದುಂಡು ಮುಚ್ಚಳ ತೆಗೆದರೆ ಅದರ ಬಾಯಿ ಸಿಗುತ್ತಿತ್ತು. ಅದನ್ನೂ ತೊಳೆದು ಜೋಡಿಸಿದ. ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಿ, ಸ್ಟೀರಿಂಗ್‌ನಿಂದ ಕೈ ತೆಗೆದು ಬ್ರೇಕ್ ಒತ್ತಿ ನೋಡಿದ. ಗೆರೆ ಎಳೆದ ಹಾಗೆ ನೆಟ್ಟಗೆ ನಿಂತಿತು.

ತಿಂಗಳೊಪ್ಪತ್ತಿನಲ್ಲಿ ಗಾಡಿ ವಾಪಸ್ ಬಂತು. ಕುಣಿಗಲ್ ಕೆರೆ ಏರಿಯ ಮೇಲೆ ಬ್ರೇಕ್ ಹಿಡಿದದ್ದು ಹಿಡಿದೇ ಬಿಟ್ಟಿತ್ತು. ಕಾಲು ತೆಗೆದರೂ ಚಕ್ರ ಬಿಡಲಿಲ್ಲ, ಡ್ರಮ್ಮುಗಳಿಂದ ಹೊಗೆ ಬಂತು. ತಣ್ಣಗಾಗುವ ತನಕ ಅರ್ಧ ಕುಣಿಗಲ್ಲೇ ಸುತ್ತ ನಿಂತು ಸಲಹೆ ಕೊಟ್ಟಿತ್ತಂತೆ.

ಬಿಚ್ಚಿ ನೋಡಿದರೆ ರಬ್ಬರುಗಳೆಲ್ಲ ನೆನೆಸಿದ ಕಡಲೆಯ ಹಾಗೆ ಊದಿಕೊಂಡಿದ್ದವು. ಊದಿದ ರಬ್ಬರು ಆಯಿಲ್ ಹಿಂತಿರುಗುವ ತೂತನ್ನು ಮುಚ್ಚಿಬಿಡುತ್ತದೆ. ಆಮೇಲೆ ಬ್ರೇಕ್ ಬಿಡುವುದಾದರೂ ಹೇಗೆ? ಸಿಲಿಂಡರುಗಳ ಸುತ್ತ ಒಂದಿಷ್ಟು ಪಸೆಯೂ ಇತ್ತು. ಅದೂ ಊದಿದ ರಬ್ಬರಿನದೇ ಕೆಲಸ ಎಂದುಕೊಂಡ. ಊದಿದ ಒಂದು ರಬ್ಬರನ್ನು ಹಿಡಿದುಕೊಂಡು ರಸ್ತೆ ದಾಟಿ ಹೋಗಿ ಅನಂತರಾಜುವಿನ ಕೌಂಟರಿನ ಮೇಲಿಟ್ಟ.

"ಏನ್ಲಾ ಇದು? ರಬ್ಬರ್ ಕೇಳಿದ್ರೆ ಉದ್ದಿನ ವಡೆ ಕೊಟ್ಟಿದೀಯ?"

"ಲೇ, ನನ್ ಅಂಗ್ಡಿ ಮಾಲು ಇದು. ನೀನೇ ಡೀಸೆಲ್‌ನಲ್ಲಿ ತೊಳೆದಿರ್ತೀಯ. ಡೀಸೆಲ್ ತಾಗಿದ್ರೆ ಯಾವ ರಬ್ಬರಾದ್ರೂ ಊದ್ಕೊಳ್ಳುತ್ತೆ."

"ನಾನಾ? ಡೀಸೆಲ್‌ನಲ್ಲಾ?"

ಅಷ್ಟು ವರ್ಷದ ಸ್ನೇಹದಲ್ಲಿ ಮೊದಲ ಸಲ ಕದರಯ್ಯ ಅವನ ಅಂಗಡಿ ಬಿಟ್ಟು ಬೆಂಗಳೂರಿನಿಂದ ರಬ್ಬರ್ ತರಿಸಿದ. ಎಲ್ಲವನ್ನೂ ಮತ್ತೆ ಜೋಡಿಸಿ ಕಳಿಸಿದ.

ಮತ್ತೆ ವಾಪಸ್ ಬಂತು. ಅದೇ ಕಾಯಿಲೆ, ಅದೇ ಹೊಗೆ.

ಈ ಸಲ ಕದರಯ್ಯ ಯಾರ ಮೇಲೂ ರೇಗಲಿಲ್ಲ. ಊದಿದ ರಬ್ಬರುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತ. ಅನಂತರಾಜು ಹೇಳಿದ್ದೇ ನಿಜವಿರಬಹುದೇ? ಡೀಸೆಲ್ ಮುಟ್ಟಿದ ಕೈಯಲ್ಲೇ ರಬ್ಬರ್ ಮುಟ್ಟಿದೆನೇ? ಮೊದಲಾದರೆ ಬೆರಳಿಗೆ ಜಿಡ್ಡು ತಿಳಿಯುತ್ತಿತ್ತು. ಈಗ ನೀರೂ ಒಂದೇ, ಡೀಸೆಲ್ಲೂ ಒಂದೇ. ಒಬ್ಬ ಮುದುಕಿಯನ್ನು ಮುಂದೆ ಕೂರಿಸಿಕೊಂಡು ಹೋಗುವ ಗಾಡಿ ಅದು. ಊಟದ ಡಬ್ಬಿ ತಂದ ದೊಡ್ಡಗಂಗಮ್ಮನಿಗೆ ಗಂಡನ ಮುಖ ನೋಡಿಯೇ ವಿಷಯ ತಿಳಿಯಿತು.

"ಕೈ ಹೋಯ್ತು ಕಣೇ," ಎಂದ.

"ಕೈ ಹೋದ್ರೆ ಹೋಯ್ತು, ತಲೆ ಐತಲ್ಲ. ಊರೋರ್ ಗಾಡಿಗೆಲ್ಲ ಕತೆ ಕೇಳ್ತೀರಿ, ಈ ಗಾಡಿ ಕತೆ ಕೇಳಿದ್ರಾ?"

ಕೇಳಿರಲಿಲ್ಲ. ತನ್ನ ಕೈಯ ಭಯದಲ್ಲಿ ಅವನು ತನ್ನ ಕ್ರಮವನ್ನೇ ಮರೆತಿದ್ದ. ಎರಡು ಸಲವೂ ಗಾಡಿ ಬಂದ ತಕ್ಷಣ ನೇರವಾಗಿ ಸ್ಪ್ಯಾನರ್ ಹಿಡಿದಿದ್ದ.

ಊಟ ಮಾಡದೆಯೇ ಎದ್ದ. ಒಂದು ಗಾಜಿನ ಲೋಟಕ್ಕೆ ನೀರು ತುಂಬಿ, ಗಾಡಿಯ ಮಾಸ್ಟರ್ ಸಿಲಿಂಡರಿನಿಂದ ಇಳಿಸಿದ್ದ ಆಯಿಲನ್ನು ಅದಕ್ಕೆ ತೊಟ್ಟು ತೊಟ್ಟಾಗಿ ಬಿಟ್ಟ. ಜನ ಬ್ರೇಕ್ ಆಯಿಲ್ ಅನ್ನುತ್ತಾರೆ, ಆದರೆ ಅದಕ್ಕೆ ಎಣ್ಣೆಯೆಂದು ಹೆಸರು ಮಾತ್ರ, ನೀರಿನಲ್ಲಿ ಸಕ್ಕರೆಯ ಹಾಗೆ ಕರಗಿಹೋಗುತ್ತದೆ. ಈ ಲೋಟದಲ್ಲಿ ಮಾತ್ರ ಮೇಲೆ ಬಣ್ಣಬಣ್ಣದ ಪೊರೆ ತೇಲಿತು. ಒಳಗೆ ನಿಜವಾದ ಎಣ್ಣೆ ಸೇರಿತ್ತು. ತನ್ನ ಡಬ್ಬಿಯಲ್ಲಿದ್ದದ್ದನ್ನು ಇನ್ನೊಂದು ಲೋಟದಲ್ಲಿ ನೋಡಿದ. ಪೂರ್ತಿ ಕರಗಿತು.

ಸದಾಶಿವಯ್ಯನವರಿಗೆ ಫೋನ್ ಮಾಡಿದ. "ಯಜಮಾನ್ರೇ, ಗಾಡಿ ಇಲ್ಲಿಂದ ಬಂದ್ಮೇಲೆ ಅಲ್ಲಿ ಏನೇನ್ ಮಾಡ್ತೀರ, ಸ್ವಲ್ಪ ಹೇಳಿ."

"ಏನ್ ಮಾಡ್ತೀವಿ? ತೊಳೆದು ನಿಲ್ಸ್ತೀವಿ. ಅಮಾವಾಸ್ಯೆಗೆ ಪೂಜೆ ಮಾಡ್ತೀವಿ. ಯಾರೂ ಕೈ ಹಾಕಲ್ಲ."

"ಪೂಜೆ ಯಾರು ಮಾಡೋದು?"

"ನಮ್ಮವ್ವನೇ."

"ಹಂಗಾದ್ರೆ ನಾಳೆ ಬರ್ತೀನಿ."

ಮರುದಿನ ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ಖಾಸಗಿ ಬಸ್ಸು ಹಿಡಿದು ಅಮೃತೂರು ತಲುಪಿದ. ಬಸವಲಿಂಗಮ್ಮ ಜಗಲಿಯ ಮೇಲೆ ಕೂತಿದ್ದರು. ಹಣೆಯ ತುಂಬ ವಿಭೂತಿ, ಕಣ್ಣಿಗೆ ದಪ್ಪ ಕನ್ನಡಕ. ಕಾಫಿ ತರಿಸಿಕೊಟ್ಟು, "ಏನಪ್ಪ ಕದರಯ್ಯ, ನಾನು ಹೋಗೋದ್ರೊಳಗೆ ಗಾಡಿ ರೆಡಿ ಆಗುತ್ತಾ? ಇಲ್ಲ ನನ್ ಮೆರವಣಿಗೆಗೇ ತಗೊಂಡ್ ಬರ್ತೀಯಾ?" ಎಂದರು.

"ಅಂಥ ಮಾತ್ಯಾಕಮ್ಮ? ನೀವು ಪೂಜೆ ಹೆಂಗ್ ಮಾಡ್ತೀರ, ಅದನ್ನ ಕೇಳೋಣ ಅಂತ ಬಂದೆ."

ಆಕೆ ಸಂತೋಷದಿಂದ ಹೇಳಿದರು. ಗಾಡಿಗೆ ವಿಭೂತಿ ಹಚ್ಚುವುದು, ಹೂವು ಮುಡಿಸುವುದು, ಕಾಯಿ ಒಡೆಯುವುದು, ಚಕ್ರಕ್ಕೆ ನಿಂಬೆಹಣ್ಣು ಇಡುವುದು. "ಆಮೇಲೆ ಕಾಲ್ ಹತ್ರ ಆ ಮುಚ್ಳ ತೆಗ್ದು ನೋಡ್ತೀನಿ. ನಮ್ಮ ಯಜಮಾನ್ರು ನೋಡ್ತಿದ್ರು. ಅವ್ರಿಗೆ ಬಗ್ಗೋಕಾಗ್ದಿದ್ದಾಗ ನನ್ ಕೈಲಿ ನೋಡಿಸ್ತಿದ್ರು. 'ಬಸ್ಲಿಂಗೀ, ಇದು ಗಾಡಿ ನಿಲ್ಲೋ ಬಾಯಿ. ಕಡ್ಮೆ ಆಗಿದ್ರೆ ಒಂದು ಚಮಚ ಎಣ್ಣೆ ಹಾಕು,' ಅನ್ನೋರು. ಈಗ್ಲೂ ನೋಡ್ತೀನಿ. ಕಡ್ಮೆ ಆಗಿತ್ತು, ಅದ್ಕೆ ಹಾಕ್ದೆ."

ಸದಾಶಿವಯ್ಯ ಕುರ್ಚಿಯಿಂದ ಎದ್ದುನಿಂತರು. "ಅವ್ವಾ! ನಿಂಗ್ಯಾರು ಹೇಳಿದ್ರು ಅದನ್ನ ಮುಟ್ಟು ಅಂತ? ಎರಡೆರಡು ಸಲ ನಾನು ರೋಡಲ್ಲಿ..."

"ನಿಮ್ಮಪ್ಪ ಹೇಳಿದ್ರು ಕಣೋ," ಎಂದರು ಬಸವಲಿಂಗಮ್ಮ. ಅವರ ದನಿ ಸ್ವಲ್ಪವೂ ಏರಲಿಲ್ಲ.

ಕದರಯ್ಯ ಸದಾಶಿವಯ್ಯನವರ ಕಡೆ ಕೈ ಅಡ್ಡ ಹಿಡಿದು, ಆಕೆಯನ್ನೇ ಕೇಳಿದ. "ಯಾವ ಎಣ್ಣೆ ಅಮ್ಮ?"

"ಅವ್ರ ಕಾಲ್ದಲ್ಲಿ ಹರಳೆಣ್ಣೆ. ಮನೇಲೇ ಕಾಯಿಸ್ತಿದ್ವಿ. ಈಗ ಎಲ್ಲಿ ಕಾಯಿಸ್ತಾರೆ? ಇದೂ ಮೆಷಿನ್ನು ತಾನೆ ಅಂತ ಸೊಸೆ ಹೊಲಿಗೆ ಮೆಷಿನ್ ಎಣ್ಣೆ ಹಾಕ್ದೆ."

ಕದರಯ್ಯ ಚೀಲದಿಂದ ಬ್ರೇಕ್ ಆಯಿಲಿನ ಶೀಶೆ ತೆಗೆದು, ಸೊಸೆಯ ಕೈಲಿ ಎರಡು ಗಾಜಿನ ಲೋಟದಲ್ಲಿ ನೀರನ್ನೂ ಆ ಎಣ್ಣೆಯ ಶೀಶೆಯನ್ನೂ ತರಿಸಿದ. ಒಂದಕ್ಕೆ ತನ್ನ ಆಯಿಲ್, ಇನ್ನೊಂದಕ್ಕೆ ಹೊಲಿಗೆ ಮೆಷಿನ್ನಿನ ಎಣ್ಣೆ. ಒಂದು ಕರಗಿತು, ಒಂದು ತೇಲಿತು. ಬಸವಲಿಂಗಮ್ಮ ಕನ್ನಡಕ ಸರಿಮಾಡಿಕೊಂಡು ಎರಡನ್ನೂ ಬಹಳ ಹೊತ್ತು ನೋಡಿದರು.

"ಯಜಮಾನ್ರು ಹೇಳಿದ್ದು ತಪ್ಪಲ್ಲಮ್ಮ," ಎಂದ ಕದರಯ್ಯ. "ಆವಾಗ ಬ್ರೇಕ್ ಆಯಿಲನ್ನೇ ಹರಳೆಣ್ಣೆ ಬೆರೆಸಿ ಮಾಡೋರು, ರಬ್ಬರ್ರೂ ಅದಕ್ಕೆ ಒಗ್ಗೋದು. ನಮ್ಮ ಉಸ್ತಾದ್ರು ಹೇಳ್ತಿದ್ರು. ಈಗಿಂದು ಬೇರೆ. ಇದಕ್ಕೆ ಮೆಷಿನ್ ಎಣ್ಣೆ ಒಂದು ಚಮಚ ಬಿದ್ರೂ ರಬ್ಬರ್ ಊದ್ಕೊಳ್ಳುತ್ತೆ."

"ಹಂಗಾದ್ರೆ ಎರಡ್ಸಲನೂ ಕೆಡ್ಸಿದ್ದು ನಾನೇನಪ್ಪ?"

ಬೇರೆ ಯಾರಾದರೂ ಆಗಿದ್ದರೆ ಮುದುಕಿಯ ಮನಸ್ಸು ನೋಯಬಾರದೆಂದು ಏನಾದರೂ ಹೇಳಿ ತೇಲಿಸುತ್ತಿದ್ದರು. ಕದರಯ್ಯ ಆಕೆಯನ್ನು ಹಾಗೆ ನಡೆಸಿಕೊಳ್ಳಲಿಲ್ಲ.

"ಹೌದಮ್ಮ," ಎಂದ. "ಆದ್ರೆ ನೋಡೋದು ಬಿಡ್ಬೇಡಿ. ಈ ಕಾಲ್ದಲ್ಲಿ ಬ್ರೇಕ್ ಮುಚ್ಚಳ ತೆಗ್ದು ನೋಡೋ ಓನರ್ರು ಎಲ್ಲವ್ರೆ? ನೀವು ನೋಡಿ. ಹಾಕೋದು ಮಾತ್ರ ಬೇಡ. ಕಡ್ಮೆ ಆದ್ರೆ ನಂಗೆ ಫೋನ್ ಮಾಡ್ಸಿ. ನೋಡೋರು ನೀವು, ಹಾಕೋನು ನಾನು."

"ಹಂಗೇ ಆಗ್ಲಿ ಬುಡು," ಎಂದರು ಬಸವಲಿಂಗಮ್ಮ. ಆಮೇಲೆ ಸೊಸೆಯ ಕಡೆ ತಿರುಗಿ, "ತಗೊಳ್ಳೇ ನಿನ್ ಎಣ್ಣೆ, ರವಿಕೆ ಹೊಲ್ಕೋ," ಎಂದು ಶೀಶೆ ಚಾಚಿದರು. ಸದಾಶಿವಯ್ಯನವರಿಗೂ ನಗು ತಡೆಯಲಾಗಲಿಲ್ಲ.

ಹೊರಡುವಾಗ ಕದರಯ್ಯನ ಮೈ ಹಗುರಾಗಿತ್ತು. ಕಾರಣ ಸಿಕ್ಕಿತ್ತು, ಅದು ತನ್ನ ಕೈಯಲ್ಲ. ಬಸ್ಸಿನ ಕಿಟಕಿ ಪಕ್ಕ ಕೂತು ಅನಂತರಾಜುವಿಗೆ ಫೋನ್ ಮಾಡಿ, "ವಡೆ ನಿಂದಲ್ಲ ಕಣೋ, ಕ್ಷಮಿಸು," ಎಂದ. ಆ ಕಡೆಯಿಂದ ಬಂದ ಬೈಗುಳವನ್ನೆಲ್ಲ ನಗುತ್ತಾ ಕೇಳಿಸಿಕೊಂಡ. ಫೋನ್ ಇಟ್ಟ ಮೇಲೆ, ಬಸ್ಸು ಕುಣಿಗಲ್ ಮುಟ್ಟುವ ಮೊದಲೇ, ಬಸವಲಿಂಗಮ್ಮನ ಒಂದು ಮಾತು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಆಡತೊಡಗಿತು.

ಕಡ್ಮೆ ಆಗಿತ್ತು, ಅದ್ಕೆ ಹಾಕ್ದೆ.

ಯಾಕೆ ಕಡಿಮೆಯಾಗಿತ್ತು? ಆಕೆ ಸುಮ್ಮನೆ ಹಾಕಿರಲಿಲ್ಲ. ನೋಡಿ, ಕಡಿಮೆಯಾಗಿದ್ದನ್ನು ಕಂಡು ಹಾಕಿದ್ದರು. ಬ್ರೇಕ್ ಆಯಿಲ್ ಎಂಜಿನ್ ಆಯಿಲಿನ ಹಾಗೆ ಸುಟ್ಟು ಹೋಗುವುದಿಲ್ಲ. ಲೈನರ್ ಸವೆದರೆ ಅಷ್ಟಿಷ್ಟು ಇಳಿಯಬಹುದು, ಹೊಸ ಲೈನರ್ ಅಷ್ಟು ಬೇಗ ಸವೆಯುವುದಿಲ್ಲ. ಆಯಿಲ್ ಇಳಿದಿದೆಯೆಂದರೆ ಎಲ್ಲೋ ಸೋರಿದೆ, ಅದೂ ಎಣ್ಣೆ ಬೀಳುವ ಮೊದಲೇ, ರಬ್ಬರ್ ಊದುವ ಮೊದಲೇ. ಆ ಪಸೆ ಊದಿದ ರಬ್ಬರಿನದಲ್ಲ. ಅಮೃತೂರಿನಲ್ಲಿ ಎಲ್ಲರೂ ನಕ್ಕು ಮುಗಿಸಿದ್ದರು. ಈ ಪ್ರಶ್ನೆ ಕೇಳುವವನು ಅವನೊಬ್ಬನೇ ಉಳಿದಿದ್ದ, ಅವನು ಕೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ತುಮಕೂರಿನಲ್ಲಿ ಇಳಿದವನು ಉಪ್ಪಾರಹಳ್ಳಿಗೆ ಹೋಗಿ ದೊಡ್ಡಗಂಗಮ್ಮನನ್ನು ಶೆಡ್ಡಿಗೆ ಕರೆದುಕೊಂಡು ಬಂದ. ನಾಲ್ಕೂ ವೀಲ್ ಸಿಲಿಂಡರುಗಳನ್ನು ಬಿಚ್ಚಿ, ತೊಳೆದು, ಹೊಂಗೆ ಮರದ ಕೆಳಗೆ ಒಂದು ಬಿಳಿ ಬಟ್ಟೆಯ ಮೇಲೆ ಇಟ್ಟ. ಮೊದಲು ತಾನು ಬೆರಳಿಟ್ಟ. ನಾಲ್ಕೂ ನುಣ್ಣಗಿದ್ದವು.

"ನೀನು ನೋಡು."

"ನಾನೇನ್ ನೋಡ್ಲಿ? ನಾನೇನ್ ಮೆಕ್ಯಾನಿಕ್ಕಾ?"

"ಮೂವತ್ ವರ್ಷ ಅಗರಬತ್ತಿ ಹೊಸೆದಿದೀಯ. ಕಡ್ಡೀಲಿ ಸಿಬಿರು ಇದ್ರೆ ನೋಡ್ದೇನೇ ಎಸೀತಿದ್ದೆ. ಇಲ್ಲೂ ಅಷ್ಟೇ. ಬೆರಳು ತಿರುಗ್ಸು, ಎಲ್ಲಾದ್ರೂ ತಡೀತಾ ಹೇಳು."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಒಂದೊಂದಕ್ಕೇ ಬೆರಳು ಹಾಕಿದಳು. ಮೊದಲನೆಯದು ಸರಿ. ಎರಡನೆಯದೂ ಸರಿ. ಹಿಂದಿನ ಎಡಚಕ್ರದ್ದಕ್ಕೆ ಬಂದಾಗ ಬೆರಳು ನಿಂತಿತು. ಹಿಂದಕ್ಕೆ ತಂದು ಮತ್ತೆ ತಿರುಗಿಸಿದಳು.

"ಇಲ್ಲೊಂದು ಗೀರೈತೆ ಕಣ್ರೀ."

ಟಾರ್ಚ್ ಬಿಟ್ಟು, ಕನ್ನಡಕ ಹಾಕಿಕೊಂಡು ನೋಡಿದರೂ ಅವನಿಗೆ ಕಾಣಲಿಲ್ಲ. ಎದುರಿನಿಂದ ಅನಂತರಾಜುವನ್ನು ಕರೆದ. ಅವನೂ ಬೆರಳಿಟ್ಟು ತಿರುಗಿಸಿದ. ಗೀರು ಇತ್ತು. ಎರಡು ಸಲ ಅದೇ ಸಿಲಿಂಡರನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ನೋಡಿ, ಸರಿಯಾಗಿದೆಯೆಂದು ಕದರಯ್ಯ ಜೋಡಿಸಿದ್ದ.

"ಸುಮ್ನಿರೋ," ಎಂದ ಅನಂತರಾಜು. "ಎಣ್ಣೆ ಸಿಕ್ತಲ್ಲ. ಆವಮ್ಮ ಒಪ್ಕೊಂಡಾಯ್ತಲ್ಲ. ಇದನ್ನ ರಿಪೇರಿ ಮಾಡಿ ಹಾಕು, ಯಾರಿಗ್ ಗೊತ್ತಾಗುತ್ತೆ?"

"ನಂಗೆ ಗೊತ್ತಾಯ್ತಲ್ಲ. ಇದು ಸೋರಿದ್ದಕ್ಕೆ ಆಯಿಲ್ ಇಳೀತು, ಇಳಿದಿದ್ದಕ್ಕೆ ಆಯಮ್ಮ ಎಣ್ಣೆ ಹಾಕಿದ್ರು. ಅವ್ರ ಬಾಯಲ್ಲಿ ತಪ್ಪು ಒಪ್ಪಿಸ್ಬಿಟ್ಟು ನಾನು ಬಸ್ ಹತ್ಕೊಂಡು ಬಂದಿದೀನಿ ಕಣೋ."

ಅಲ್ಲೇ ನಿಂತು ಸದಾಶಿವಯ್ಯನವರಿಗೆ ಫೋನ್ ಮಾಡಿದ. "ಎಣ್ಣೆ ಅಮ್ಮಂದು, ಗೀರು ನಂದು ಯಜಮಾನ್ರೇ. ನನ್ ಕೈಗೆ ಸ್ಪರ್ಶ ಹೋಗಿದೆ. ನಾನಿನ್ನು ಈ ಕೆಲ್ಸ ಮಾಡೋ ಹಂಗಿಲ್ಲ. ಗಾಡೀನ ಬೇರೆ ಒಳ್ಳೆ ಕಡೆ ನಾನೇ ಮಾತಾಡಿ ಬಿಡಿಸ್ತೀನಿ. ಅಮ್ಮಂಗೆ ಹೇಳಿ, ಮೊದಲ್ನೇ ತಪ್ಪು ಅವ್ರದಲ್ಲ."

ಸದಾಶಿವಯ್ಯ ಅಲ್ಲೇ ಅವ್ವನಿಗೆ ವಿಷಯ ಹೇಳಿದರು, ಫೋನ್ ಬಸವಲಿಂಗಮ್ಮನ ಕೈಗೆ ಹೋಯಿತು. ಆಕೆ ಮೊಬೈಲಿನಲ್ಲಿ ಕೂಗಿಯೇ ಮಾತಾಡುವವರು. ಶೆಡ್ಡಿನಲ್ಲಿದ್ದವರಿಗೆಲ್ಲ ಕೇಳಿಸಿತು.

"ಏನಪ್ಪಾ, ಗೀರು ಸಿಕ್ತಂತೆ?"

"ಸಿಕ್ತು ಕಣಮ್ಮ."

"ಯಾರು ಹುಡುಕಿದ್ದು?"

"ನಮ್ಮನೆಯೋಳು."

"ಮತ್ತಿನ್ನೇನು? ನೋಡೋರು ನೀವು, ಹಾಕೋನು ನಾನು ಅಂತ ನಂಗೆ ಹೇಳ್ಕೊಟ್ಟು ಹೋದೋನು ನೀನೇ ತಾನೇ? ಅಲ್ಲೂ ಹಂಗೇ ಮಾಡು. ಅವ್ಳು ನೋಡ್ಲಿ, ನೀನ್ ಮಾಡು. ನಂಗೊಂದು ನ್ಯಾಯ, ನಿಂಗೊಂದು ನ್ಯಾಯನಾ?"

ಕದರಯ್ಯ ಫೋನ್ ಹಿಡಿದುಕೊಂಡೇ ಡ್ರಮ್ಮಿನ ಮೇಲೆ ಕೂತ. ದೊಡ್ಡಗಂಗಮ್ಮ ಮಿಕ್ಕ ಒಂದು ಸಿಲಿಂಡರಿಗೆ ಬೆರಳು ಹಾಕಿ ತಿರುಗಿಸುತ್ತಾ, "ಇದು ಸರಿ ಐತೆ," ಎಂದಳು, ಯಾರನ್ನೂ ಕೇಳದೆ.

ಬಾಗಿಲು ಹಾಕುತ್ತೇನೆಂದವನು ಬಾಗಿಲು ಹಾಕಲಿಲ್ಲ. ಅವನನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ. ಕದರಯ್ಯ ಆಡಿದ ಮಾತು ತಪ್ಪಿದ್ದು ಅದೊಂದೇ ಸಲ. ಗೀರು ಬಿದ್ದ ಸಿಲಿಂಡರನ್ನು ಲೇತಿನಲ್ಲಿ ಕೊರೆಸಿ, ಒಳಗೆ ಹಿತ್ತಾಳೆಯ ಕೊಳವೆ ಕೂರಿಸಿದರು. ದೊಡ್ಡಗಂಗಮ್ಮ ನೋಡಿ ಒಪ್ಪಿದ ಮೇಲೆ ಜೋಡಿಸಿದರು. ರಬ್ಬರ್ ಅನಂತರಾಜುವಿನ ಅಂಗಡಿಯದು.

ಮುಂದಿನ ಅಮಾವಾಸ್ಯೆಗೆ ಅಮೃತೂರಿನಿಂದ ಫೋನ್ ಬಂತು. "ನೋಡ್ದೆ. ಒಂದ್ ಕೂದ್ಲಷ್ಟೂ ಇಳ್ದಿಲ್ಲ." ಅದರ ಮುಂದಿನ ಅಮಾವಾಸ್ಯೆಗೂ ಅದೇ ಮಾತು. ಆಮೇಲೆ ಒಂದು ಸೋಮವಾರ ಹಸಿರು ಪಿಕಪ್ಪು ಕಾಯಿ ತುಂಬಿಕೊಂಡು ಹೊರಟಿತು. ಸದಾಶಿವಯ್ಯ ಸ್ಟೀರಿಂಗ್ ಹಿಡಿದಿದ್ದರು, ಬಸವಲಿಂಗಮ್ಮ ಮುಂದೆ ಕೂತಿದ್ದರು. ತುಮಕೂರು ದಾಟುವಾಗ ಶೆಡ್ಡಿನ ಮುಂದೆ ನಿಲ್ಲಿಸಿ ಗಂಡ ಹೆಂಡಿರಿಬ್ಬರನ್ನೂ ಹತ್ತಿಸಿಕೊಂಡರು. ಕದರಯ್ಯ ಹಿಂದೆ ಕಾಯಿಯ ಮೇಲೆ ಕೂರುತ್ತೇನೆಂದ. ಆ ಹಿಂದಿನ ಎಡಚಕ್ರದ ನೇರಕ್ಕೇ ಕೂತು, ಗುಬ್ಬಿ ರಸ್ತೆಯುದ್ದಕ್ಕೂ ಕಿವಿಯನ್ನು ಕೆಳಗೇ ಇಟ್ಟಿದ್ದ. ಗುಬ್ಬಿ ಊರೊಳಗೆ ಸಂತೆಯ ಜನ ಅಡ್ಡ ಬಂದಾಗ ಸದಾಶಿವಯ್ಯ ಜೋರಾಗಿ ಬ್ರೇಕ್ ಒತ್ತಿದರು. ಕಾಯಿಗಳೆಲ್ಲ ಒಮ್ಮೆ ಮುಂದಕ್ಕೆ ಉರುಳಿದವು. ಗಾಡಿ ನಿಂತಿತು. ಕಾಲು ತೆಗೆದ ತಕ್ಷಣ ಚಕ್ರ ಬಿಟ್ಟಿತು. ಮುಂದಿನ ಸೀಟಿನಿಂದ ಬಸವಲಿಂಗಮ್ಮ ಕಿಟಕಿಗೆ ತಲೆ ಹಾಕಿ, "ಕದರಯ್ಯಾ, ಬದುಕಿದೀಯೇನೋ?" ಎಂದು ಕೂಗಿದರು. ಸಂತೆಯ ಜನವೆಲ್ಲ ತಿರುಗಿ ನೋಡಿದರು.

ಅಲ್ಲಿಂದ ಮುಂದೆ ಕದರಯ್ಯ ಗಾಡಿ ತಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಿದ್ದ. "ನನ್ ಬೆರಳಿಗೆ ಗೊತ್ತಾಗಲ್ಲ. ಒಳಗಡೆ ನೋಡೋದು ನಮ್ಮನೆಯೋಳು. ಒಪ್ಗೆ ಇದ್ರೆ ಬಿಡಿ, ಇಲ್ದಿದ್ರೆ ಬೇಜಾರಿಲ್ಲ." ಕೆಲವರು ಬೇರೆ ಕಡೆ ಹೋದರು. ಬಸ್ಸಿನವರು ಇಬ್ಬರು ಮೂವರು ಕಾಲು ಕಿತ್ತರು, ಅವರನ್ನು ಅವನು ದೂರಲಿಲ್ಲ. ಹೆಚ್ಚಿನವರು ಉಳಿದರು. ದೊಡ್ಡಗಂಗಮ್ಮ ಬೆಳಿಗ್ಗೆಯೇ ಡಬ್ಬಿ ಕಟ್ಟಿಕೊಂಡು ಅವನ ಜೊತೆ ಬರತೊಡಗಿದಳು. ಅವಳ ಕೈಗೆ ಹಳೆಯ ಆಯಿಲ್ ತಾಗಬಾರದೆಂದು ಸಿಲಿಂಡರುಗಳನ್ನು ಅವನೇ ತೊಳೆದು, ಒರೆಸಿ, ಬಿಳಿ ಬಟ್ಟೆಯ ಮೇಲಿಟ್ಟು ಕೊಡುತ್ತಿದ್ದ.

"ಏನ್ ಕದರಯ್ಯ, ಈಗ ಈ ಶೆಡ್ಡಿಗೆ ಮೆಕ್ಯಾನಿಕ್ ಯಾರು?" ಎಂದು ಒಬ್ಬ ಡ್ರೈವರ್ ಕೆಣಕಿದ.

"ಅವ್ಳು. ನಾನು ಬೈಸ್ಕೊಳ್ಳೋಕ್ ಇರೋನು."

"ಅದು ಮದ್ವೆ ಆದಾಗ್ಲಿಂದ್ಲೂ ಇದ್ದಿದ್ದೇ ಅಲ್ವಾ?" ಎಂದಳು ದೊಡ್ಡಗಂಗಮ್ಮ, ಸಿಲಿಂಡರಿನಿಂದ ಬೆರಳು ತೆಗೆಯದೆ.

ಕದರಯ್ಯ ಈ ಆಷಾಢದಲ್ಲಿ ತೀರಿಕೊಂಡ. ಮಧ್ಯಾಹ್ನ ಊಟ ಮಾಡಿ, ಹೊಂಗೆ ಮರದ ಕೆಳಗೆ ಒರಗಿದವನು ಏಳಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ದೊಡ್ಡಗಂಗಮ್ಮ ಅನಂತರಾಜುವನ್ನು ಕರೆದುಕೊಂಡು ಶೆಡ್ಡಿನ ಬೀಗ ತೆಗೆಸಿದಳು. ಗುಬ್ಬಿಯವರ ಒಂದು ಟೆಂಪೋದ ಸಿಲಿಂಡರುಗಳು ಬೆಂಚಿನ ಮೇಲೆ ಹಾಗೇ ಇದ್ದವು. ಅವನು ಅವನ್ನು ತೊಳೆದಿಟ್ಟಿದ್ದ, ಅವಳು ನೋಡುವುದು ಬಾಕಿಯಿತ್ತು. ಅವಳು ಸ್ಟೂಲ್ ಎಳೆದುಕೊಂಡು ಕೂತು, ಸೆರಗಿನಲ್ಲಿ ಕೈ ಒರೆಸಿಕೊಂಡು ಒಂದೊಂದನ್ನೇ ನೋಡಿದಳು. ಒಂದನ್ನು ಪಕ್ಕಕ್ಕೆ ಇಟ್ಟಳು.

"ಇದು ಬ್ಯಾಡ ಅನ್ನಿ ಅವ್ರಿಗೆ. ಮಿಕ್ಕಿದ್ದು ಹಾಕ್ಕೋಬಹುದು."

ಅನಂತರಾಜು ಅವನ್ನು ಎರಡು ಪೊಟ್ಟಣವಾಗಿ ಕಟ್ಟಿದ. ಟೆಂಪೋದವರು ಸಂಜೆ ಬಂದು ತೆಗೆದುಕೊಂಡು ಹೋದರು.